ಶೆಟ್ಲಿ ಸುಲಿದ ಹಾಗೆ

ಹತ್ತು ಕತ್ತರಿ, ಇಪ್ಪತ್ತಮೂರು ಮಕ್ಕಳು.
ಮೂತಿ ಮೊಂಡ, ಹಿಡಿ ಹಳದಿ.
ಬೈತಖೋಲದ ನಮ್ಮ ಅಂಗನವಾಡಿಗೆ
ಈ ವರ್ಷ ಬಂದ ಸಂಪತ್ತು ಅಷ್ಟೇ.

ಹೆಬ್ಬೆರಳು ಮೇಲಿನ ಮನೆಗೆ,
ಕೆಳಗಿನ ಮನೆಗೆ ಅಣ್ಣ ತಮ್ಮ ಇಬ್ಬರೂ,
ಏಡಿ ಕೊಂಬು ತೆರೆಯಿತು, ಏಡಿ ಕೊಂಬು ಮುಚ್ಚಿತು.
ಮಕ್ಕಳು ಮೊದಲು ಗಾಳಿ ಕತ್ತರಿಸುತ್ತಾರೆ.
ಆಮೇಲೆ ಹಳೇ ಕ್ಯಾಲೆಂಡರು, ಮದುವೆ ಕಾಗದ,
ಐಸ್ ಫ್ಯಾಕ್ಟರಿಯ ರಸೀದಿ:
ಅಂಚಿಗೊಂದು ಕಚ್ಚು, ನೆಟ್ಟಗಿನ ಗೆರೆ, ತೆರೆಯಂಥ ಗೆರೆ.
ಚಂದ್ರನ ಸರದಿ ಬಂದಾಗ ಮಾತ್ರ ದಿನಾ ಕೂಗಬೇಕು,
ಕತ್ತರಿ ತಿರುಗುವುದಲ್ಲ ಮಗಾ, ಕಾಗದ ತಿರುಗಬೇಕು.

ದಿಗಂಬರ ತಾಂಡೇಲನಿಗೆ
ಕತ್ತರಿ ಎತ್ತ ಹೋದರೆ ನಾಲಿಗೆ ಅತ್ತ.
ಅಫ್ರೀನಾ ಸೋಪಿನ ಜಾಹೀರಾತಿನ ಹೆಂಗಸನ್ನು
ಮೂಗಿಲ್ಲದೆ ಬಿಡಿಸಿ ತೆಗೆದು, ಅಂಟಿಸಿ,
'ನಮ್ಮ ಅತ್ತೆ' ಅಂದಳು.

ಸೆಜಲ್ ಬಾನಾವಳಿಯ ಕಾಗದ ಮಾತ್ರ ತುಂಡಾಗುವುದಿಲ್ಲ.
ಎರಡು ಅಲಗಿನ ನಡುವೆ ಮಡಚಿ
ಮಲಗುತ್ತದೆ.
ಎಡಗೈ. ನಾನು ಬಲಗೈಗೆ ದಾಟಿಸಿದೆ.
ನೀರು ಕುಡಿದು ಬರುವಷ್ಟರಲ್ಲಿ ಎಡಕ್ಕೆ ವಾಪಸು.
ಮತ್ತೆ ದಾಟಿಸಿದೆ. ಮೂರನೇ ಸಲ
ಅವಳು ಕತ್ತರಿಯ ಮೇಲೆ ಕೂತುಬಿಟ್ಟಳು.

ರಿಜಿಸ್ಟರಿನಲ್ಲಿ 'ಬೆರಳಿನ ಚಲನೆ' ಎಂಬ ಕಾಲಮ್ಮಿಗೆ
ಮೂರು ತಿಂಗಳು ಒಂದೇ ಮಾತು ಬರೆದೆ:
ಇನ್ನೂ ಇಲ್ಲ.

ಕಾರವಾರದ ಪೇಟೆಯಲ್ಲಿ ಎಡಗೈ ಕತ್ತರಿ ಕೇಳಿದರೆ
ಅಂಗಡಿಯವ ನಕ್ಕ,
'ಕತ್ತರಿಗೆ ಎಡ ಬಲ ಎಂಥದು ಅಕ್ಕೋರೇ?'

ಆ ರಾತ್ರಿ ಅಡುಗೆಮನೆಯಲ್ಲಿ, ನಲವತ್ತೇಳನೇ ವಯಸ್ಸಿಗೆ,
ನಾನೇ ಎಡಗೈಗೆ ಹಾಕಿಕೊಂಡೆ.
ಹಾಲಿನ ಪ್ಯಾಕೆಟ್ಟು ಮಡಚಿತು. ಕರೆಂಟು ಬಿಲ್ಲು ಮಡಚಿತು.
ಎಳೆದ ಗೆರೆ ಅಲಗಿನ ಹಿಂದೆ ಅಡಗಿತು.
ಹತ್ತರ ಸುಮಾರಿಗೆ, ಸಿಟ್ಟಿನಲ್ಲಿ,
ಹೆಬ್ಬೆರಳನ್ನು ಒಳಕ್ಕೆ ಎಳೆದು ಉಳಿದವನ್ನು ಹೊರಕ್ಕೆ ಒತ್ತಿದೆ.
ಚರ್ರ್.
ಬಿಲ್ಲು ಎರಡಾಯಿತು. ಇನ್ನೂ ಕಟ್ಟಿರಲಿಲ್ಲ.

ಈ ಎಳೆತ ಎಲ್ಲೋ ಕಂಡದ್ದು.

ಧಕ್ಕೆಯ ಮೇಲೆ ಸಂಜೆ, ಅಜ್ಜಿ ಸುಭದ್ರಾಳ ಬುಟ್ಟಿಯ ಪಕ್ಕ
ಕುಕ್ಕರಗಾಲಲ್ಲಿ ಕೂತು ಸೆಜಲ್ ಶೆಟ್ಲಿ ಸುಲಿಯುತ್ತಾಳೆ,
ಮನೆಯ ಸಾರಿಗೆ ಹತ್ತು, ಬೆಕ್ಕಿಗೊಂದು.
ತಲೆ ಚಿವುಟಿ, ಹೆಬ್ಬೆರಳು ಸಿಪ್ಪೆಯಡಿ ತೂರಿಸಿ
ತನ್ನತ್ತ ಒಂದೇ ಎಳೆತ.
ಬೆನ್ನಿನ ಕಪ್ಪು ದಾರ ಕೂಡ ಹರಿಯದೆ ಬರುತ್ತದೆ.
ಇನ್ನೂ ಇಲ್ಲ ಎಂದು ಬರೆದವಳು ನಾನು.

'ಇವಳ ಅಜ್ಜನೂ ಎಡಚ,' ಅಂದಳು ಸುಭದ್ರಾ,
'ಬಲೆಯ ಗಂಟು ಉಲ್ಟಾ ಬೀಳುತ್ತಿತ್ತು.
ಜನರಿಗೆ ಗೊತ್ತಾಗುತ್ತಿತ್ತು.
ಮೀನಿಗೆ ಗೊತ್ತಾಗುತ್ತಿರಲಿಲ್ಲ.'

ಮರುದಿನ ಕತ್ತರಿಸು ಎನ್ನಲಿಲ್ಲ.
ಸೆಜಲ್, ಕಾಗದ ಸುಲಿ, ಅಂದೆ. ಶೆಟ್ಲಿ ಸುಲಿದ ಹಾಗೆ.
ಅಕ್ಕೋರಿಗೆ ಜ್ವರವೋ ಎಂಬಂತೆ ನೋಡಿದಳು.
ಆಮೇಲೆ ಹೆಬ್ಬೆರಳು ಒಳಗೆ.
ಜೂನ್ ತಿಂಗಳು ಅಡ್ಡಕ್ಕೆ ಸೀಳಿತು,
ಏಕಾದಶಿ ಒಂದು ಕಡೆ, ಅಮಾವಾಸ್ಯೆ ಒಂದು ಕಡೆ.

ನಿಲ್ಲಿಸಬೇಕಲ್ಲ!
ಜುಲೈ ಹೋಯಿತು, ಆಗಸ್ಟ್ ಹೋಯಿತು,
ದಿಗಂಬರನ ಮೀನಿನ ಬಾಲ ಹೋಯಿತು.
ನಾನು ಸಾಂಬಾರು ಬಡಿಸುವ ಗಲಾಟೆಯಲ್ಲಿ
ಅವಳದೇ ಮುಂಗೂದಲೂ ಹೋಯಿತು.

ಮಧ್ಯಾಹ್ನ ಸುಭದ್ರಾ ಬಾಗಿಲಲ್ಲಿ ನಿಂತಳು.
'ಯಾರು ಕತ್ತರಿಸಿದ್ದು?'
ಎಡಗೈ ಮೇಲೆದ್ದಿತು.
ಬೈಗುಳಕ್ಕೆ ತಯಾರಾಗಿ ನಾನು ತಲೆ ತಗ್ಗಿಸಿದೆ.
ಅವಳು ಮೊಮ್ಮಗಳ ಗಲ್ಲ ಹಿಡಿದೆತ್ತಿ,
ಕಣ್ಣು ಕಿರಿದು ಮಾಡಿ,
ಬಲೆಯ ತೂತು ಹುಡುಕುವವಳಂತೆ ಬಹಳ ಹೊತ್ತು ನೋಡಿ,
'ಈ ಕಡೆ ಸ್ವಲ್ಪ ಉದ್ದ ಉಳಿದಿದೆ,' ಅಂದಳು.
'ಕೊಡಿ ಇಲ್ಲಿ ಕತ್ತರಿ. ಅಲ್ಲ,
ನನಗಲ್ಲ. ಅವಳಿಗೆ.'