ರಳ

ಎಡಗೈಯ ಚರ್ಮ ತೆಳುವಾಗಿದೆ, ಅದೇ ಸರಿ, ಅಂದರು ಡಾಕ್ಟರು.
ರಕ್ತನಾಳದ ಸಮೇತ ತೆಗೀತೀವಿ.
ಹಚ್ಚೆ ಇದೆಯಲ್ಲ, ಪರವಾಗಿಲ್ಲವಾ?
ಇವರು ನನ್ನ ಮುಖ ನೋಡಿದರು.
ನಾನು ಸಹಿ ಹಾಕಿದೆ.

ಮದುವೆಯಾದ ವರ್ಷ, ಕೋಲಾರದ ಬಸ್‌ಸ್ಟ್ಯಾಂಡಿನ ಹಿಂದೆ
ಬ್ಯಾಟರಿ ಮೆಷಿನ್ನಿನವನು ಅರವತ್ತು ರೂಪಾಯಿಗೆ ಬರೆದ ಮೂರಕ್ಷರ.
ಈಗ ಮುಂಗೈಲಿ 'ಸ' ಒಂದೇ.
ಮಿಕ್ಕಿದ್ದು ಬಾಯೊಳಗೆ,
ಗುಟ್ಕಾ ಒತ್ತಿಟ್ಟುಕೊಳ್ಳುತ್ತಿದ್ದ ಕಡೆಗೆ, ಹೊಲಿದು ಕೂರಿಸಿದ್ದಾರೆ.
ಮುಂಗೈಯ ಗುಂಡಿ ಮುಚ್ಚೋಕೆ ತೊಡೆಯಿಂದ ತಂದರು.
ಪಕ್ಕದ ಮನೆ ಸಕ್ಕರೆಯ ಹಾಗೆ.

ಮಂಡಿಯಲ್ಲಿ ಟೊಮೆಟೊ ಹರಾಜು ಕೂಗುತ್ತಿದ್ದವರು ಇವರು.
ಮುನ್ನೂರು, ಮುನ್ನೂರಹತ್ತು, ಇಪ್ಪತ್ತು ಇಪ್ಪತ್ತು ಇಪ್ಪತ್ತು,
ಒಂದೇ ಉಸಿರು,
ಮದನಪಲ್ಲಿಯವರಿಗೆ ತೆಲುಗಲ್ಲಿ, ಲಾರಿಯವರಿಗೆ ತಮಿಳಲ್ಲಿ.
ಈಗ ಕನ್ನಡಿ ಮುಂದೆ ನಿಂತು
ಟಮಕದ ಆಸ್ಪತ್ರೆಯ ಮೇಡಂ ಕೊಟ್ಟ ಚೀಟಿ ಓದುತ್ತಾರೆ.
ಪ ಬ ಮ, ತುಟಿಯ ಕೆಲಸ, ಸಲೀಸು.
ಅಪ್ಪ ಬಂತು. ಅಮ್ಮ ಬಂತು.
ಸತ್ತು ಹದಿನೇಳು ವರ್ಷವಾದ ನಮ್ಮತ್ತೆ ಮೊದಲ ದಿನವೇ ಬಂದರು.
ಕ ಗ ತಿಂಗಳಿಗೆ ಬಂತು, ಬುಡ ಉಳಿದಿದೆಯಂತೆ.
ಟ ಬರಲಿಲ್ಲ.
ಟೊಮೆಟೊ ಇಲ್ಲ, ಟಮಕವೂ ಇಲ್ಲ.

ಮುದ್ದೆ ಅಗಿಯೋದಲ್ಲ, ನುಂಗೋದು.
ನುಂಗೋಕೂ ನಾಲಗೆ ಬೇಕೆಂದು ಯಾರಿಗೆ ಗೊತ್ತಿತ್ತು.
ಮೂಗಿನ ನಳಿಕೆ ತೆಗೆದ ಮೇಲೆ ಅಂಬಲಿ,
ಆಮೇಲೆ ಕಡಲೆಕಾಯಿ ಬೀಜದಷ್ಟು ಮುದ್ದೆ,
ಗದ್ದ ಎದೆಗೊತ್ತಿ, ಉಸಿರು ಹಿಡಿದು, ನುಂಗು, ಕೆಮ್ಮು, ಮತ್ತೆ ನುಂಗು.
ಬಸ್ಸಾರು ಬಲಗಡೆ ಖಾರ, ಎಡಗಡೆ ಏನೂ ಇಲ್ಲ.
'ನಿನ್ನ ಹೆಸರಿರೋ ಕಡೆ ರುಚಿಯಿಲ್ಲ'
ಹರಾಜಿನ ಚೀಟಿಯ ಹಿಂದೆ ಬರೆದು ತೋರಿಸಿ ನಕ್ಕರು,
ಜೊಲ್ಲು ಒರೆಸಿಕೊಂಡರು.

ಒಂದು ರಾತ್ರಿ ಮೊಬೈಲಿನ ಬೆಳಕು ಹಿಡಿದು ನೋಡಿದೆ.
ಮಾಸಿದ ಹಸಿರು. ತಲೆಕೆಳಗಾದ 'ರ'. 'ಳ'ದ ಕೊಂಡಿ.
ಮೂರು ನಾಲ್ಕು ಕೂದಲು ಬೇರೆ.
ತಾನಿನ್ನೂ ಕೈ ಅಂದುಕೊಂಡಿದೆ ಅದು.

ಸರಳ ಅಂತ ಹೆಸರಿಟ್ಟವರು ನಮ್ಮಜ್ಜ.
ಕಷ್ಟದ ಅಕ್ಷರ ಎರಡೂ ಅದರಲ್ಲೇ ಇವೆ ಅಂದರು ಮೇಡಂ,
ತಾವೇ ಹೆಸರಿಟ್ಟು ತಪ್ಪು ಮಾಡಿದವರ ಹಾಗೆ.
ಗಂಡನ ಹೆಸರನ್ನು ನಾನೆಂದೂ ಬಾಯಿಬಿಟ್ಟು ಹೇಳಿದವಳಲ್ಲ.
ಈಗ ನನ್ನದು ಅವರಿಗೆ ಬರ್ತಿಲ್ಲ.
ಸರಿಗೆ ಸರಿ.

ಬೆಳಿಗ್ಗೆ ಐದಕ್ಕೆ ಶುರು: ಹಯಅ. ಸವಯ. ಸಅಯ.
ಹಾಲಿನ ವೆಂಕಟರವಣ ಗೇಟಿನಲ್ಲೇ ನಿಂತ.
ಅಣ್ಣ ಯಾರನ್ನಕ್ಕ ಅಷ್ಟೊತ್ತಿಂದ ಕೂಗ್ತಿರೋದು?
ನನ್ನನ್ನೇ, ಅಂದೆ.
ಹೋಗಬಾರದಾ ಮತ್ತೆ?
ಕೂಗಲಿ ಇನ್ನೊಂದಷ್ಟು,
ನೀನು ಹಾಲು ಹಾಕು.