ಎಂಟರಲ್ಲಿ ಒಂದು

ಪಾಳ್ಯದಿಂದ ಮೂರು ಕಿಲೋಮೀಟರು,
ಕಾಫಿ ತೋಟದ ತಂತಿಬೇಲಿ ಮುಗಿಯುವಲ್ಲಿ
ಕಂಬಕ್ಕೆ ಬಿಗಿದ ಡಬ್ಬಿ. ಒಳಗೆ ನನ್ನ ಬೋರ್ಡು.
ಬೋರ್ಡಿನ ಮೇಲೆ ಹೆಬ್ಬೆರಳ ಉಗುರಿನಷ್ಟು ಚಿಪ್,
ಚಿಪ್ಪಿನೊಳಗೆ ಎಂಟು ಜನ.

ಜನ ಅಂದೆ. ಕೋರ್ ಅನ್ನಬೇಕು.
ಒಂದು ಮೆಮೊರಿಗೆ ಎಂಟೂ ಮುಗಿಬಿದ್ದಾಗ
ರಾತ್ರಿಯೆಲ್ಲ ಜಗಳ ಬಿಡಿಸಿದವಳು ನಾನು,
ನನಗೆ ಜನವೇ.

ಎಂಟೂ ಎದ್ದರೆ ಆನೆಯನ್ನು ಎಮ್ಮೆಯಿಂದ ಬೇರೆ ಮಾಡಬಲ್ಲವು
ಮಂಜಿನಲ್ಲೂ, ಅರ್ಧ ಸೆಕೆಂಡಿನಲ್ಲಿ.
ಎಂಟೂ ಎದ್ದೇ ಇದ್ದರೆ ಬ್ಯಾಟರಿ ಹತ್ತೂವರೆಗೆ ಸಾಯುತ್ತದೆ.
ಆನೆ ಬರುವುದು ಮೂರಕ್ಕೆ.

ಅದಕ್ಕೇ ಬತ್ತಿ ಇಳಿಸುತ್ತೇನೆ.
ಅಜ್ಜಿ ಲಾಟೀನಿನ ಕಿವಿ ತಿರುವುತ್ತಿದ್ದಳಲ್ಲ,
ಅಕ್ಷರ ಕಾಣುವಷ್ಟೇ ಬೆಳಕು ಬಿಟ್ಟು,
ಹಾಗೆ ಗಡಿಯಾರ ಇಳಿಸಿ, ವೋಲ್ಟೇಜು ಇಳಿಸಿ.
ವೋಲ್ಟೇಜು ಅರ್ಧವಾದರೆ ಖರ್ಚು ಅರ್ಧವಲ್ಲ, ಕಾಲು.
ಈ ಲೆಕ್ಕ ಮೊದಲ ಸಲ ಮೀಟರಿನಲ್ಲಿ ಕಂಡ ದಿನ
ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ
ಎರಡು ಮಸಾಲೆ ದೋಸೆ ತಿಂದಿದ್ದೆ.

ಆದರೂ ಸೋರುತ್ತದೆ.
ಸುಮ್ಮನೆ ಕೂತ ಕೋರೂ ಕೂತಲ್ಲೇ ಕರೆಂಟು ಕುಡಿಯುತ್ತದೆ,
ಕೆಲಸವಿಲ್ಲದ ಭಾವನ ಹಾಗೆ.
ಮಲಗಿಸಿದರೆ ಸಾಲದು, ಲೈನೇ ಕಡಿಯಬೇಕು.
ಕಡಿದರೆ ಎಬ್ಬಿಸಲು ಹೊತ್ತು ಬೇಕು.
ಆ ಹೊತ್ತೇ ನನ್ನ ತಲೆನೋವು.

ಡಿಸೆಂಬರು. ಹತ್ತರವರೆಗೂ ಮಂಜು, ಪ್ಯಾನೆಲಿಗೆ ಬಿಸಿಲಿಲ್ಲ.
ಬ್ಯಾಟರಿ ಶೇಕಡಾ ಹದಿನಾಲ್ಕು.
ವಾಚರ್ ಹೂವಣ್ಣ ಬೀಡಿ ಹಚ್ಚಿ ಕೇಳಿದ:
“ಏನವ್ವ, ನಿನ್ ಪೆಟ್ಗೆ ಮಲಿಕ್ಕಂಡದಾ?”
ಏಳು ಮಲಗಿವೆ, ಒಂದು ಕೂತಿದೆ ಅಂದೆ. ಸಣ್ಣದು.
ನೆಲದ ಸದ್ದಷ್ಟೇ ಕೇಳುತ್ತದೆ,
ಅನುಮಾನ ಬಂದರೆ ಉಳಿದವನ್ನು ತಟ್ಟುತ್ತದೆ.

ಅವನು ನಗಲಿಲ್ಲ. ಹೊಗೆ ಬಿಟ್ಟ.
“ಅವೂ ಹಂಗೇಯ. ಮರಿಗಳೆಲ್ಲ ಉರುಳ್ಕತವೆ,
ಮುದುಕಿ ಒಂದು ನಿಂತ್ಕಂಡೇ ಇರ್ತದೆ,
ಸೊಂಡ್ಲು ನೆಲಕ್ಕೆ ಹಚ್ಕಂಡು.”

ಮೂರು ಹದಿನೇಳಕ್ಕೆ ಸಣ್ಣದು ತಟ್ಟಿತು.
ಏಳೂ ಎದ್ದವು, ತಡವಾಗಿ.
ಫೋಟೋದಲ್ಲಿ ಒಂದು ಬಾಲ, ಒಂದು ಹಿಂಗಾಲು,
ಇನ್ನೂ ಅಲುಗುತ್ತಿರುವ ಕಾಫಿ ಗಿಡ.
ಅಷ್ಟೇ ಸಾಕಾಯಿತು:
ಕೂಲಿ ಲೈನಿನ ಹನ್ನೊಂದು ಫೋನು ಕತ್ತಲಲ್ಲಿ ಬೆಳಗಿದವು,
ಆರರ ಹೊತ್ತಿಗೆ ಬುಟ್ಟಿ ಹೊತ್ತವರು ಯಾರೂ
ಕೆಳಗಿನ ದಾರಿ ಹಿಡಿಯಲಿಲ್ಲ.

ಬ್ಯಾಟರಿ ಶೇಕಡಾ ಒಂಬತ್ತು.
ಏಳನ್ನೂ ಮಲಗಿಸಿ, ಲ್ಯಾಪ್‌ಟಾಪು ಮೊಣಕಾಲ ಮೇಲಿಟ್ಟು
ಕೋಡಿನಲ್ಲಿ ಸಣ್ಣದರ ನಂಬರು ಅಳಿಸಿದೆ,
ಅಲ್ಲಿ ‘ಮುದುಕಿ’ ಎಂದು ಬರೆದೆ.
ಇನ್ನಷ್ಟು ಬೇಗ ತಟ್ಟವ್ವ,
ಮುಂದಿನ ಸಲ ಬಾಲ ಬೇಡ,
ಮುಖ ಬೇಕು.