ಆರೆ ಕಾಲನಿಯಲ್ಲಿ ಹಿಮ

ಮೇ ತಿಂಗಳು. ಜೋಗೇಶ್ವರಿಯ ಮೂರನೇ ಮಾಳಿಗೆ.
ಏಸಿ ನಿನ್ನೆಯಿಂದ ಮುನಿಸಿಕೊಂಡಿದೆ.
ದಳವಿ ಸಾಹೇಬರ ಉಣ್ಣೆ ಅಂಗಿಗಳ ಜಾಹೀರಾತು
ನನ್ನ ಪರದೆಯ ಮೇಲೆ, ನಲವತ್ತು ಸೆಕೆಂಡು.
"ಹಿಮ ಬೀಳಬೇಕು," ಅಂದಿದ್ದಾರೆ, "ಧಾರಾಳವಾಗಿ.
ದುಡ್ಡು ಮಾತ್ರ ಧಾರಾಳ ಇಲ್ಲ."

ಚಿತ್ರೀಕರಣ ಆರೆ ಕಾಲನಿಯಲ್ಲಿ, ನಟ್ಟ ನಡು ಮಧ್ಯಾಹ್ನ.
ಹುಡುಗಿ ಕೆಂಪು ಸ್ವೆಟರಿನೊಳಗೆ ಬೇಯುತ್ತಿದ್ದಾಳೆ,
ನಗುತ್ತಿದ್ದಾಳೆ. ಮೂಗಿನ ತುದಿಗೆ ಬೆವರ ಹನಿ.
ಇರಲಿ, ಕರಗಿದ ಹಿಮ ಅಂದರಾಯಿತು.

ಮೊದಲು ಬಿಸಿಲಿನ ಅರಿಶಿನ ತೊಳೆದೆ.
ನೆರಳುಗಳ ಅಂಚು ಉಜ್ಜಿ ಉಜ್ಜಿ ಮಸುಕು ಮಾಡಿದೆ.
ಗುಲ್‌ಮೊಹರಿನ ಕೆಂಡಕ್ಕೆ ಬೂದಿ ಮುಚ್ಚಿದೆ.
ಆಮೇಲೆ ಸಿದ್ಧ ಹಿಮದ ಕಡತ ತೆರೆದು ಸುರಿದೆ:
ಹತ್ತಿರದ್ದು ದಪ್ಪ, ದೂರದ್ದು ಪುಡಿ,
ನಡುವೆ ಒಂದು ಪದರ, ಹುಡುಗಿಯ ಬೆನ್ನ ಹಿಂದೆ.

ಸರಿ ಕಾಣಲಿಲ್ಲ.
ಹಲ್ಲುಪುಡಿ ಡಬ್ಬಿ ಕೊಡವಿದ ಹಾಗೆ,
ಕವಾಯತಿಗೆ ಬಂದವರ ಹಾಗೆ ಎಲ್ಲಕ್ಕೂ ಒಂದೇ ಹೆಜ್ಜೆ.
ಹಿಮ ಹೇಗೆ ಬೀಳುತ್ತದೆ? ನಾನೆಲ್ಲಿ ಕಂಡಿದ್ದೇನೆ!
ಕಾಂಜೂರಿನಲ್ಲಿ ರೈಲು ನಿಂತಾಗ ಕಿಟಕಿಯಾಚೆ
ಉಪ್ಪಿನ ರಾಶಿ ಕಂಡಿದ್ದೇನೆ;
ಗಾದಿಯವನು ಬಿಲ್ಲು ಮೀಟಿದಾಗ
ಅರಳೆ ಹಾರಿದ್ದು ಕಂಡಿದ್ದೇನೆ, ಅಷ್ಟೇ.

ಆಗ ಕಣ್ಣಿಗೆ ಬಿದ್ದ, ಚೌಕಟ್ಟಿನ ಎಡಮೂಲೆಯಲ್ಲಿ,
ಗೋಲಾ ಗಾಡಿಯವನು.
(ದಳವಿ ಸಾಹೇಬರ ಪಟ್ಟಿಯಲ್ಲಿ ಏಳನೆಯ ಸಾಲು:
ಗಾಡಿ ಅಳಿಸಿ.)
ತೋಳು ಮಡಿಚಿ, ಗೋಣಿತಾಟು ಸರಿಸಿ, ಮಂಜುಗಡ್ಡೆಯನ್ನು
ಕೀಸುಹಲಗೆಯ ಮೇಲೆ ಕರಕರ ಎಳೆಯುತ್ತಿದ್ದ.
ಬೊಗಸೆಗೆ ಬಿದ್ದದ್ದು ಬಿದ್ದಿತು; ತಪ್ಪಿದ್ದು
ಗಾಳಿಯಲ್ಲಿ ತೊನೆದು, ಅನುಮಾನಿಸಿ,
ಒಂದು ಮೇಲೇರಿ, ಇನ್ನೊಂದು ಓರೆಯಾಗಿ,
ನೆಲ ಮುಟ್ಟುವ ಮೊದಲೇ ಇಲ್ಲ.

ಇಡೀ ನಲವತ್ತು ಸೆಕೆಂಡಿನಲ್ಲಿ
ತಣ್ಣಗಿದ್ದದ್ದು ಅದೊಂದೇ.

ರಾತ್ರಿಯಿಡೀ ಹೆಕ್ಕಿದೆ, ಚೂರು ಚೂರೇ,
ಬೇಳೆಯಲ್ಲಿ ಕಲ್ಲು ಆರಿಸಿದಂತೆ.
ಮೂವತ್ತೇಳು ಸಿಕ್ಕವು.
ತಿರುಗಿಸಿ, ಹಿಗ್ಗಿಸಿ, ಕೆಲವನ್ನು ತಡೆದು ನಿಲ್ಲಿಸಿ
ಮೂವತ್ತೇಳನ್ನು ಮೂವತ್ತೇಳು ಸಾವಿರ ಮಾಡಿದೆ.
ಬಾನೆಲ್ಲ ಅವನ ಕೈಯಿಂದ ಉದುರತೊಡಗಿತು.
ಅದಾದ ಮೇಲೆ
ಏಳನೆಯ ಸಾಲಿಗೆ ಬಂದೆ.
ಮೊದಲು ಗಾಡಿಯ ಚಕ್ರ, ಬಣ್ಣದ ಸೀಸೆಗಳು,
ಕೊನೆಗೆ ಮೊಣಕೈ. ಅದು ಎಳೆಯುತ್ತಲೇ ಇತ್ತು.

ಬೆಳಿಗ್ಗೆ ದಳವಿ ಸಾಹೇಬರು ಕುತ್ತಿಗೆ ಒರೆಸಿಕೊಳ್ಳುತ್ತ,
"ವಾಹ್, ನೋಡಿದರೇ ಚಳಿ! ಎಲ್ಲಿಂದ ತಂದಿರಿ ಈ ಹಿಮ?"
"ಇಲ್ಲಿಯದೇ," ಅಂದೆ.
ನಕ್ಕರು. ಬಿಲ್ಲಿನಲ್ಲಿ ಇನ್ನೂರು ಇಳಿಸಿದರು.

ಇಪ್ಪತ್ತಾರನೆಯ ಸೆಕೆಂಡಿನಲ್ಲಿ
ಹುಡುಗಿಯ ಭುಜದ ಬಳಿ ಒಂದು ಚೂರು
ಕಾಲಾಖಟ್ಟಾ ತಗಲಿ ನೇರಳೆಯಾಗಿದೆ.
ಅದನ್ನು ಬಿಳಿ ಮಾಡಲಿಲ್ಲ.